ಆರೋಪ ಪಟ್ಟಿಯಲ್ಲಿ ಇಲ್ಲದ್ದು

ಆ ಆರೋಪ ಪಟ್ಟಿಯ ಕರಡು ಬರೆದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರ ತಪ್ಪು ಎಷ್ಟು ಎಂದು ಓದುಗರು ಲೆಕ್ಕ ಹಾಕುವಾಗ ನನ್ನ ಪಾಲನ್ನೂ ಕೂಡಿಸಿಕೊಳ್ಳಲಿ. ಆಗ ನಾನು ಕರ್ನಾಟಕದ ಒಂದು ವಿಶ್ವವಿದ್ಯಾಲಯದ ಸಿಬ್ಬಂದಿ ವಿಭಾಗದಲ್ಲಿ ಅಧೀಕ್ಷಕನಾಗಿದ್ದೆ. ಊರು, ವಿಶ್ವವಿದ್ಯಾಲಯ, ವ್ಯಕ್ತಿಗಳ ಹೆಸರು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ವಿಚಾರಣೆ ಎದುರಿಸಿದ ದ್ವಿತೀಯ ದರ್ಜೆ ಸಹಾಯಕಿ ಇನ್ನೂ ಸೇವೆಯಲ್ಲಿದ್ದಾರೆ.

ಘಟಿಕೋತ್ಸವಕ್ಕೆ ಮೂರು ವಾರ ಇರುವಾಗ ಮೌಲ್ಯಮಾಪನ ಕುಲಸಚಿವರಿಗೆ ಒಂದು ಪತ್ರ ಬಂತು. ಬರೆದವನು ಪದವಿ ಮುಗಿಸಿದ ವಿದ್ಯಾರ್ಥಿ. ಅಂಕಪಟ್ಟಿಯ ದ್ವಿಪ್ರತಿಗೆ ಅರ್ಜಿ ಹಾಕಿ, ಚಲನ್ ಕಟ್ಟಿ, ನಾಲ್ಕು ಸಲ ಅಲೆದರೂ ಕೆಲಸವಾಗಲಿಲ್ಲ. ಕೊನೆಗೆ "ಕೌಂಟರಿನಲ್ಲಿದ್ದವರು" ಐನೂರು ರೂಪಾಯಿ ಕೇಳಿದರು, ಕೊಟ್ಟ ಮರುದಿನ ಅಂಕಪಟ್ಟಿ ಸಿಕ್ಕಿತು ಎಂದಿತ್ತು. ಕೆಳಗೆ ಸಹಿ, ಮೊಬೈಲ್ ಸಂಖ್ಯೆ. ಅಧಿಕಾರಿಗಳು ಮರುದಿನವೇ, ಮಧ್ಯಾಹ್ನ 3.40ಕ್ಕೆ, ಭದ್ರತಾ ಅಧಿಕಾರಿಯನ್ನು ಜೊತೆಗಿಟ್ಟುಕೊಂಡು ಅಂಕಪಟ್ಟಿ ವಿಭಾಗಕ್ಕೆ ನುಗ್ಗಿದರು. ಆ ಹೊತ್ತಿಗೆ ಕೌಂಟರಿನ ಹಿಂದೆ ಕುಳಿತಿದ್ದ ಸಹಾಯಕಿಯ ಮೇಜಿನ ಖಾನೆ ತೆರೆಸಿದಾಗ ರಬ್ಬರ್ ಬ್ಯಾಂಡು ಹಾಕಿದ 7,400 ರೂಪಾಯಿ ಸಿಕ್ಕಿತು.

ಸರ್ಕಾರಿ ಕಚೇರಿಗಳ ಒಳಗನ್ನು ಬಲ್ಲವರಿಗೆ ನಗದು ಘೋಷಣೆ ವಹಿ ಗೊತ್ತು. ಬೆಳಗ್ಗೆ ಬಂದ ಕೂಡಲೇ ಜೇಬಿನಲ್ಲಿ ಎಷ್ಟು ಹಣವಿದೆ ಎಂದು ನೌಕರರು ಅದರಲ್ಲಿ ಬರೆದು ಸಹಿ ಹಾಕಬೇಕು. ಹೊರಗೆ ಹೋಗಿ ಬರುವುದನ್ನು ಬರೆಯುವ ಚಲನವಲನ ವಹಿ ಅದರ ಜೋಡಿ. ಆ ದಿನದ ಪುಟದಲ್ಲಿ ಆಕೆ ಬರೆದದ್ದು 200. ಘೋಷಿಸಿದ್ದು ಇನ್ನೂರು, ಸಿಕ್ಕಿದ್ದು ಏಳು ಸಾವಿರದ ನಾನೂರು. ಇನ್ನೇನು ಬೇಕು ಎಂದು ಎಲ್ಲರಿಗೂ ಅನ್ನಿಸಿತು. ನನಗೂ ಅನ್ನಿಸಿತು. ಸಂಜೆಯೊಳಗೆ ಅಮಾನತು ಆದೇಶ ಟೈಪಾಯಿತು.

ಆ ವಿಭಾಗದಲ್ಲಿ ಹದಿನಾಲ್ಕು ಜನ. ಅದೇ ಪುಟದಲ್ಲಿ ಹನ್ನೊಂದು ಸಾಲುಗಳು ಖಾಲಿ ಇದ್ದವು. ಒಬ್ಬರು ಮೊತ್ತದ ಜಾಗದಲ್ಲಿ ಮೇಲಿನಂತೆ ಎಂಬ ಎರಡು ಗೀಟು ಎಳೆದಿದ್ದರು. ಅವರ ಮೇಲಿನ ಸಾಲು ಖಾಲಿಯೇ ಇತ್ತು. ವಹಿಯನ್ನು ದಿನವೂ ಪರಿಶೀಲಿಸಿ ಸಹಿ ಹಾಕಬೇಕಾದ ಆ ವಿಭಾಗದ ಅಧೀಕ್ಷಕರ ಸಹಿ ಅದಕ್ಕೂ ನಾಲ್ಕು ತಿಂಗಳ ಹಿಂದೆ ನಿಂತುಹೋಗಿತ್ತು. ಅಂದರೆ ಆ ದಿನ ನಿಯಮ ಪಾಲಿಸಿದ ಇಬ್ಬರು ಮೂವರಲ್ಲಿ ಆಕೆಯೂ ಒಬ್ಬರು, ಸಿಕ್ಕಿಬಿದ್ದದ್ದೂ ಅವರೇ. ಏನನ್ನೂ ಬರೆಯದವರ ಖಾನೆಗಳನ್ನು ಯಾರೂ ತೆರೆಸಲಿಲ್ಲ. "ಹುಡುಕಿ ಸಾರ್, ಎಲ್ಲರ ಖಾನೆಯನ್ನೂ ಹುಡುಕಿ" ಎಂದು ಆಕೆ ಕೂಗಿದ್ದರಂತೆ. ಮುಂದೆ ಇದೇ ಮೂರನೆಯ ಆರೋಪವಾಯಿತು: ಮೇಲಧಿಕಾರಿಗಳೊಂದಿಗೆ ಉದ್ಧಟತನದ ವರ್ತನೆ.

ನಾನು ಬರೆದ ಕರಡು

ಕಾನೂನಿನ ಚೌಕಟ್ಟನ್ನು ಚಿಕ್ಕದಾಗಿ ಹೇಳಬೇಕು. ನಮ್ಮ ಬೋಧಕೇತರ ನೌಕರರಿಗೆ ರಾಜ್ಯ ನೌಕರರ ನಿಯಮಗಳೇ ಅನ್ವಯಿಸುತ್ತಿದ್ದವು: ಶಿಸ್ತುಕ್ರಮಕ್ಕೆ 1957ರ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು, ನಡತೆಗೆ ನಡತೆ ನಿಯಮಗಳು. ಮೊದಲನೆಯದರಲ್ಲಿ 8ನೇ ನಿಯಮ ದಂಡನೆಗಳನ್ನು ಪಟ್ಟಿ ಮಾಡುತ್ತದೆ, 10ನೆಯದು ಅಮಾನತು, 11ನೆಯದು ಕಠಿಣ ದಂಡನೆಯ ವಿಚಾರಣಾ ಕ್ರಮ, 12ನೆಯದು ಲಘು ದಂಡನೆಯದು. ನೌಕರರ ಸಂಘದವರು ಮರುದಿನ, ಸರ್ಕಾರಿ ನೌಕರರನ್ನು ವಿಚಾರಣೆಯಿಲ್ಲದೆ ವಜಾ ಮಾಡದಂತೆ ಕಾಯುವ ಸಂವಿಧಾನದ 311ನೇ ವಿಧಿಯ ಹೆಸರು ಹೇಳಿಕೊಂಡು ಬಂದರು. ಅದು ವಿಶ್ವವಿದ್ಯಾಲಯದ ನೌಕರರಿಗೆ ಅನ್ವಯಿಸುವುದಿಲ್ಲ, ಏಕೆಂದರೆ ಅವರು ಸರ್ಕಾರದ ನಾಗರಿಕ ಹುದ್ದೆಯಲ್ಲಿ ಇರುವವರಲ್ಲ. ಹಾಗೆಂದು ಆಡಳಿತ ತನಗೆ ತೋಚಿದ್ದನ್ನು ಮಾಡುವಂತೆಯೂ ಇಲ್ಲ. ಸಮಾನತೆಯ 14ನೇ ವಿಧಿಯೂ, ಆಪಾದಿತರ ಮಾತು ಕೇಳಬೇಕೆನ್ನುವ ಸಹಜ ನ್ಯಾಯದ ತತ್ವಗಳೂ ವಿಶ್ವವಿದ್ಯಾಲಯವನ್ನು ಕಟ್ಟಿಹಾಕುತ್ತವೆ. ಇದನ್ನು ಸಂಘದವರಿಗೆ ವಿವರಿಸುವಾಗ ನಾನು ಬಹಳ ತಿಳಿದವನಂತೆ ಮಾತಾಡಿದ್ದು ನೆನಪಿದೆ.

ಆದರೆ ಕರಡು ಬರೆಯಲು ಕುಳಿತಾಗ ಏನು ಮಾಡಿದೆ? ಕಪಾಟಿನಿಂದ ಹಳೆಯ ಕಡತವೊಂದನ್ನು ತೆಗೆದು ಮಕ್ಕೀಕಾಮಕ್ಕಿ ನಕಲು ಮಾಡಿದೆ. ಎಷ್ಟರಮಟ್ಟಿಗೆ ಎಂದರೆ, 1966ರ ನಡತೆ ನಿಯಮಗಳ ಜಾಗಕ್ಕೆ 2021ರ ಹೊಸ ನಿಯಮಗಳು ಬಂದು ವರ್ಷ ಕಳೆದಿದ್ದರೂ ನನ್ನ ಆರೋಪ ಪಟ್ಟಿಯಲ್ಲಿ 1966 ಹಾಗೆಯೇ ಉಳಿಯಿತು. ನಿಯಮದ ಇಸವಿ ತಪ್ಪಿದ ಮಾತ್ರಕ್ಕೆ ವಿಚಾರಣೆ ಬಿದ್ದುಹೋಗುವುದಿಲ್ಲ ಎಂದು ಕಾನೂನು ಸಲಹೆಗಾರರು ಆಮೇಲೆ ಸಮಾಧಾನ ಹೇಳಿದರು. ನಿಜವಾದ ಹುಳುಕು ಬೇರೆ ಕಡೆ ಇತ್ತು.

ಮೊದಲನೆಯ ಆರೋಪವನ್ನು ನಾನು ಬರೆದದ್ದು ಹೀಗೆ: "ಸದರಿಯವರು ಅಂಕಪಟ್ಟಿ ನೀಡಿಕೆಗಾಗಿ ವಿದ್ಯಾರ್ಥಿಗಳಿಂದ ಆಗಾಗ್ಗೆ ಹಣ ಪಡೆಯುವುದು ಮುಂತಾದ ಕೃತ್ಯಗಳಲ್ಲಿ ತೊಡಗಿರುತ್ತಾರೆ." ಯಾವ ವಿದ್ಯಾರ್ಥಿ, ಯಾವ ದಿನ, ಎಷ್ಟು ಹಣ, ಎಲ್ಲಿ ಎಂಬುದು ಯಾವುದೂ ಇಲ್ಲ. "ಮುಂತಾದ" ಎಂಬ ಪದಕ್ಕೆ ಯಾರಾದರೂ ಏನೆಂದು ಉತ್ತರ ಕೊಡಬೇಕು? ಎರಡನೆಯದು ನಗದು ಘೋಷಿಸದೆ ಇಟ್ಟುಕೊಂಡದ್ದು. ಮೂರನೆಯದು ಉದ್ಧಟತನ, ಆಡಿದ ಮಾತು ಯಾವುದು ಎಂದು ಅದರಲ್ಲಿ ಇರಲಿಲ್ಲ. ನಾಲ್ಕನೆಯದು ಸದಾ ಆಸನದಲ್ಲಿ ಇರುವುದಿಲ್ಲ ಎಂಬುದು. ಇದು ಹಳೆಯ ಕಡತದಲ್ಲಿ ಇತ್ತು, ಆದ್ದರಿಂದ ಇಲ್ಲಿಯೂ ಬಂತು. ಒಂದು ಹಿಡಿಸದಿದ್ದರೆ ಇನ್ನೊಂದು ಹಿಡಿಯಲಿ ಎಂಬ ಲೆಕ್ಕ. ಆರೋಪ ಪಟ್ಟಿಗೆ ನಾಲ್ಕು ಅನುಬಂಧಗಳು ಇರುತ್ತವೆ: ಆರೋಪಗಳು, ಅವುಗಳ ವಿವರ, ದಾಖಲೆಗಳ ಪಟ್ಟಿ, ಸಾಕ್ಷಿಗಳ ಪಟ್ಟಿ. ಎರಡನೆಯ ಅನುಬಂಧ ಬರೆಯುವಾಗ ಕೈ ತಡವರಿಸಿದರೆ ಮೊದಲನೆಯದರಲ್ಲಿ ಹುರುಳಿಲ್ಲ ಎಂದೇ ಅರ್ಥ. ನನ್ನ ಎರಡನೆಯ ಅನುಬಂಧ ಮೊದಲನೆಯದರ ಮಾತುಗಳನ್ನೇ ಉದ್ದ ಮಾಡಿ ಹೇಳುತ್ತಿತ್ತು.

ಇದೆಲ್ಲ ಮುಗಿದು ಪಟ್ಟಿ ಆಕೆಯ ಕೈ ಸೇರುವ ಹೊತ್ತಿಗೆ ಅಮಾನತಾಗಿ 97 ದಿನ. ಮೂರು ತಿಂಗಳೊಳಗೆ ಆರೋಪ ಪಟ್ಟಿ ಜಾರಿಯಾಗದಿದ್ದರೆ ಅಮಾನತನ್ನು ಮುಂದುವರಿಸಬಾರದು ಎಂದು ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಅಜಯ್ ಕುಮಾರ್ ಚೌಧರಿ ಪ್ರಕರಣದಲ್ಲಿ ಹೇಳಿದೆ. ಆಕೆ ಮನವಿ ಕೊಟ್ಟರು. ಕಡತ ಸುತ್ತಿ ಬರುವ ವೇಳೆಗೆ ಐದನೆಯ ತಿಂಗಳು, ಆಗ ಅಮಾನತು ತೆರವಾಯಿತು. ಅಷ್ಟು ದಿನ ಸಂಬಳದ ಬದಲು ಸಿಗಬೇಕಾದ ಜೀವನಾಧಾರ ಭತ್ಯೆ? ಮೊದಲ ಕಂತು ಹೋದದ್ದು ನಾಲ್ಕನೆಯ ತಿಂಗಳಲ್ಲಿ. ಬೇರೆ ಉದ್ಯೋಗದಲ್ಲಿಲ್ಲ ಎಂಬ ಪ್ರಮಾಣಪತ್ರವನ್ನು ಆಕೆ ಕೊಟ್ಟಿರಲಿಲ್ಲ, ಕೊಡಬೇಕೆಂದು ಯಾರೂ ಹೇಳಿಯೂ ಇರಲಿಲ್ಲ. ಕೋಲಾರದ ಚಿನ್ನದ ಗಣಿಯ ಭದ್ರತಾ ಅಧಿಕಾರಿಯೊಬ್ಬರನ್ನು ಅಮಾನತಿನಲ್ಲಿಟ್ಟು, ಭತ್ಯೆ ಕೊಡದೆ, ಕೇರಳದಲ್ಲಿದ್ದ ಅವರು ವಿಚಾರಣೆಗೆ ಬರಲಾಗದೆ ಹೋದಾಗ ಏಕಪಕ್ಷೀಯವಾಗಿ ವಜಾ ಮಾಡಿದ್ದನ್ನು ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ಅಸಿಂಧುಗೊಳಿಸಿತ್ತು. ಎಂ. ಪಾಲ್ ಆಂಥೋನಿ ಪ್ರಕರಣ ಎಂದು ಅದನ್ನು ಸಿಬ್ಬಂದಿ ವಿಭಾಗದ ತರಬೇತಿಯಲ್ಲಿ ನಾನೇ ಎರಡು ಸಲ ಪಾಠ ಮಾಡಿದ್ದೆ.

ಕಿಟಕಿಗೆ ಹಿಡಿದ ಪುಟ

ವಿಚಾರಣಾಧಿಕಾರಿಯಾಗಿ ಬಂದವರು ನಿವೃತ್ತ ಜಿಲ್ಲಾ ನ್ಯಾಯಾಧೀಶರು. ಮಿತಭಾಷಿ. ಆಕೆಯ ಸಹಾಯಕ್ಕೆ ನಿಂತವರು ಬೇರೆ ವಿಭಾಗದ ಪ್ರಥಮ ದರ್ಜೆ ಸಹಾಯಕರು, ನಿಯಮಗಳನ್ನು ಚೆನ್ನಾಗಿ ಓದಿಕೊಂಡವರು. ದಾಖಲೆ ಹಾಜರುಪಡಿಸಲು ನಾನೂ ಅಲ್ಲಿರುತ್ತಿದ್ದೆ.

ಮೊದಲನೆಯ ಆರೋಪ ಮೊದಲ ತಿಂಗಳಲ್ಲೇ ಮಲಗಿತು. ದೂರು ಬರೆದ ವಿದ್ಯಾರ್ಥಿಗೆ ಕಳಿಸಿದ ಎರಡು ನೋಟಿಸುಗಳೂ "ವಿಳಾಸದಾರರು ಇಲ್ಲ" ಎಂಬ ಷರಾದೊಂದಿಗೆ ಮರಳಿದವು. ಆಡಳಿತದ ಪರವಾಗಿ ಪ್ರಕರಣ ನಡೆಸುವ ಮಂಡನಾಧಿಕಾರಿ ಅವನ ಪತ್ರವನ್ನೇ ಸಾಕ್ಷ್ಯವಾಗಿ ಗುರುತಿಸಿ ಎಂದು ಕೇಳಿದರು. ನ್ಯಾಯಾಧೀಶರು ಒಪ್ಪಲಿಲ್ಲ. ಇಲಾಖಾ ವಿಚಾರಣೆಯಲ್ಲಿ ಕ್ರಿಮಿನಲ್ ನ್ಯಾಯಾಲಯದಷ್ಟು ಬಿಗಿಯಾದ ಪುರಾವೆ ಬೇಕಿಲ್ಲ, ಸಂಭವನೀಯತೆಯ ತೂಕ ಸಾಕು. ಆದರೆ ಕಾಗದ ತಾನಾಗಿ ಸಾಕ್ಷಿ ಹೇಳುವುದಿಲ್ಲ, ಬರೆದವನು ಬಂದು ಪಾಟೀ ಸವಾಲಿಗೆ ಒಳಗಾಗಬೇಕು. ಸರ್ವೋಚ್ಚ ನ್ಯಾಯಾಲಯದ 2008ರ ರೂಪ್ ಸಿಂಗ್ ನೇಗಿ ತೀರ್ಪಿನ ಸಾರವೂ ಅದೇ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಆ ಹುಡುಗ ಸುಳ್ಳು ಬರೆದಿದ್ದ ಎಂದು ನನಗೆ ಅನ್ನಿಸುವುದಿಲ್ಲ. ಐನೂರು ಯಾರೋ ತೆಗೆದುಕೊಂಡಿದ್ದಾರೆ. ಪತ್ರದಲ್ಲಿ ಅವನು ಹೆಸರು ಹೇಳಿರಲಿಲ್ಲ, ಹೆಂಗಸೋ ಗಂಡಸೋ ಎಂದೂ ಹೇಳಿರಲಿಲ್ಲ. ಕೌಂಟರಿನ ಪಾಳಿ ಪಟ್ಟಿ ನೋಡಿದರೆ ಅವನು ಹೇಳಿದ ವಾರದಲ್ಲಿ ಅಲ್ಲಿ ಮೂವರು ಸರದಿಯಲ್ಲಿ ಕುಳಿತಿದ್ದರು. ಪತ್ರ ಬಂದ ದಿನವೇ ಆ ಮೊಬೈಲ್ ಸಂಖ್ಯೆಗೆ ಒಂದು ಕರೆ ಮಾಡಿ, ಕರೆಸಿ, ಯಾರ ಕೈಗೆ ಕೊಟ್ಟೆ ಎಂದು ಕೇಳಿ ಹೇಳಿಕೆ ಬರೆದುಕೊಳ್ಳಲು ಅರ್ಧ ಗಂಟೆ ಸಾಕಿತ್ತು. ನಾವು ಅವನಿಗೆ ಮೊದಲು ಕರೆ ಮಾಡಿದ್ದು ಮೂರು ತಿಂಗಳು ಕಳೆದ ಮೇಲೆ, ಸಾಕ್ಷಿ ಪಟ್ಟಿಗೆ ವಿಳಾಸ ಬೇಕಾದಾಗ. ಆಗ ಆ ಸಂಖ್ಯೆ ಚಾಲ್ತಿಯಲ್ಲಿರಲಿಲ್ಲ. ಖಾನೆಯಲ್ಲಿ ಹಣ ಸಿಕ್ಕಿತಲ್ಲ, ಇನ್ನು ಹುಡುಗನೇಕೆ ಎಂದು ಎಲ್ಲರೂ ಸುಮ್ಮನಾಗಿದ್ದೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಎತ್ತು ಯಾವುದು ಎಂಬುದು ಇಂದಿಗೂ ಗೊತ್ತಿಲ್ಲ.

ಎರಡನೆಯ ಆರೋಪಕ್ಕೆ ಆಕೆಯ ಉತ್ತರ ಸರಳವಾಗಿತ್ತು. ಅದು ಚೀಟಿ ಹಣ. ಕಚೇರಿಯಲ್ಲಿ ಹನ್ನೆರಡು ಜನ ಸೇರಿ ತಿಂಗಳಿಗೆ ತಲಾ 600 ಹಾಕುತ್ತಾರೆ, ನಡೆಸುವವರು ಆಕೆ. ಆ ದಿನ ಹನ್ನೊಂದು ಗಂಟೆಯಿಂದ ಮೂರರವರೆಗೆ ಒಬ್ಬೊಬ್ಬರಾಗಿ ತಂದುಕೊಟ್ಟರು. 7,200. ತಮ್ಮದು 200. ಕೂಡಿಸಿದರೆ ಸರಿಯಾಗಿ 7,400. ಹನ್ನೆರಡು ಮಂದಿಯಲ್ಲಿ ಸಾಕ್ಷಿ ಹೇಳಲು ಬಂದವರು ಇಬ್ಬರು: ಒಬ್ಬ ಜವಾನ, ಒಬ್ಬಳು ಹೊರಗುತ್ತಿಗೆಯ ಡೇಟಾ ಎಂಟ್ರಿ ಹುಡುಗಿ. ಕಾಯಂ ನೌಕರಿಯ ಹತ್ತು ಜನರಿಗೆ ಚೀಟಿ ಎಂದರೇನು ಎಂಬುದೇ ಮರೆತುಹೋಗಿತ್ತು.

ಎರಡು ಸಾಕ್ಷಿ ಸಾಕಾಗುವಂತೆಯೇ ಕಂಡಿತು. ಬೆಳಗ್ಗೆ ಬಂದಾಗ ಇದ್ದ ಹಣವನ್ನು ಘೋಷಿಸಬೇಕು ಎಂದು ವಹಿಯ ಶಿರೋನಾಮೆಯಲ್ಲೇ ಇದೆ. ಮಧ್ಯಾಹ್ನ ಕೈ ಸೇರಿದ್ದಕ್ಕೆ ಅದರಲ್ಲಿ ಜಾಗವಿಲ್ಲ. ಇನ್ನೇನು ಆಕೆ ಪಾರಾದರು ಎನ್ನುವಾಗ ಆಕೆಯ ಸಹಾಯಕರೇ ಭದ್ರತಾ ಅಧಿಕಾರಿಯನ್ನು ಪಾಟೀ ಸವಾಲಿಗೆ ಎಳೆದರು. ಕಡತದಲ್ಲಿದ್ದ ವಹಿಯನ್ನು ಬಿಡಿಸಿ, ಗೆದ್ದ ದನಿಯಲ್ಲಿ ಕೇಳಿದರು: "ಇಲ್ಲಿ ನೋಡಿ, 7,400 ಎಂದೇ ಬರೆದಿದೆಯಲ್ಲ? ಘೋಷಿಸಿಲ್ಲ ಎಂದು ಹೇಗೆ ಹೇಳುತ್ತೀರಿ?"

ಕೋಣೆ ಗಕ್ಕನೆ ನಿಂತಿತು. ಭದ್ರತಾ ಅಧಿಕಾರಿ ಮಹಜರನ್ನು ತೆರೆದರು. ಅದರಲ್ಲಿ ಸ್ಪಷ್ಟವಾಗಿತ್ತು: ವಹಿಯಲ್ಲಿ ರೂ. 200 ನಮೂದಾಗಿದೆ. ನ್ಯಾಯಾಧೀಶರು ಕೈ ಚಾಚಿ ವಹಿ ಪಡೆದರು. ಎದ್ದು ಕಿಟಕಿಯ ಬಳಿ ಹೋಗಿ, ಆ ಒಂದು ಹಾಳೆಯನ್ನು ಬೆಳಕಿಗೆ ಹಿಡಿದರು. 2ರ ಕುತ್ತಿಗೆಯ ಮೇಲೆ 4ರ ಕಾಲು ಕೂತಿತ್ತು. ಅದರ ಎಡಕ್ಕೆ ಅಂಚಿನ ಕೆಂಪು ಗೆರೆಯನ್ನು ದಾಟಿ ಒಂದು 7, ಬೇರೆ ನೀಲಿಯಲ್ಲಿ. ಸಹಿ ಮಾತ್ರ ಹಳೆಯ ಶಾಯಿ. ಅವರು ಏನೂ ಹೇಳಲಿಲ್ಲ. ಹಾಳೆಯನ್ನು ಇಳಿಸಿ ಆಕೆಯನ್ನು ನೋಡಿದರು. ಆಕೆ ಸೀರೆಯ ಸೆರಗಿನ ದಾರವೊಂದನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು.

ತಪಾಸಣೆಯ ದಿನ ಅಧಿಕಾರಿಗಳು ಹಣವನ್ನು ಲಕೋಟೆಗೆ ಹಾಕಿ ಮಹಜರು ಟೈಪ್ ಮಾಡಿಸಲು ಕುಲಸಚಿವರ ಕೊಠಡಿಗೆ ಹೋಗಿದ್ದರು. ವಹಿ ಮೇಜಿನ ಮೇಲೇ ಉಳಿದಿತ್ತು. ಮುಟ್ಟುಗೋಲು ಹಾಕಿಕೊಂಡದ್ದು ಮರುದಿನ ಬೆಳಗ್ಗೆ, ಅದೂ ಪುಟ ತೆರೆದು ನೋಡದೆ. ನಾನು ಕೂಡ ಆರೋಪ ಪಟ್ಟಿ ಬರೆದದ್ದು ಮಹಜರನ್ನು ನೋಡಿ, ವಹಿಯನ್ನು ನೋಡಿ ಅಲ್ಲ. ನೋಡಿದ್ದರೆ ಆ 7 ಮೊದಲ ದಿನವೇ ಕಾಣುತ್ತಿತ್ತು.

ಇಷ್ಟೂ ಪ್ರಕರಣದಲ್ಲಿ ನನ್ನನ್ನು ಈಗಲೂ ಕಾಡುವುದು ಇದೇ. ಬೆಳಗ್ಗೆ ಬರೆದ 200 ನಿಜವಾಗಿತ್ತು. ಅದನ್ನು ಹಾಗೆಯೇ ಬಿಟ್ಟಿದ್ದರೆ ಆಕೆಗೆ ಏನೂ ಆಗುತ್ತಿರಲಿಲ್ಲ. ಗಾಬರಿಯಲ್ಲಿ, ತನ್ನನ್ನು ಉಳಿಸಬಲ್ಲ ಸತ್ಯವನ್ನೇ ತಿದ್ದಿ ಸುಳ್ಳು ಮಾಡಿದರು. ಕಚೇರಿ ದಾಖಲೆಯನ್ನು ತಿದ್ದುವುದು ಸಣ್ಣ ತಪ್ಪಲ್ಲ, ಅದೂ ಅಂಕಪಟ್ಟಿ ವಿಭಾಗದಲ್ಲಿ. ಅಲ್ಲಿ ಒಂದು ಅಂಕಿ ತಿದ್ದುವ ಕೈಯನ್ನು ಯಾರು ನಂಬಬೇಕು?

ವರದಿ ಬಂದ ಮೇಲೆ

ವಿಚಾರಣಾ ವರದಿ ಮೊದಲನೆಯ, ಮೂರನೆಯ, ನಾಲ್ಕನೆಯ ಆರೋಪಗಳು ಸಾಬೀತಾಗಿಲ್ಲ ಎಂದಿತು. ಎರಡನೆಯದೂ ಸಾಬೀತಾಗಿಲ್ಲ. ಕೊನೆಯ ಪುಟದಲ್ಲಿ ಒಂದು ಕಂಡಿಕೆ: ವಹಿಯ ನಮೂದನ್ನು ಆಪಾದಿತ ನೌಕರರು ತಿದ್ದಿರುವುದು ಸಾಬೀತಾಗಿದೆ.

ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನ ಉಪಸಮಿತಿಯಲ್ಲಿ ಹಿರಿಯ ಸದಸ್ಯರೊಬ್ಬರು ಮೇಜು ಕುಟ್ಟಿದರು. ತಿದ್ದಿದ್ದು ರುಜುವಾಗಿದೆ, ಕಡ್ಡಾಯ ನಿವೃತ್ತಿ ಕೊಟ್ಟು ಕಳಿಸಿ. ಕಾನೂನು ಸಲಹೆಗಾರರು ನಿಧಾನವಾಗಿ ಆರೋಪ ಪಟ್ಟಿಯನ್ನು ಅವರ ಮುಂದೆ ಸರಿಸಿ, ತಿದ್ದಿದ ವಿಷಯ ಇದರಲ್ಲಿ ಎಲ್ಲಿದೆ ತೋರಿಸಿ ಎಂದರು. ಇರಲಿಲ್ಲ. ಹೊರಿಸದ ಆರೋಪಕ್ಕೆ ದಂಡನೆ ಕೊಡಲು ಬರುವುದಿಲ್ಲ. ಆಕೆಗೆ ಅದರ ಬಗ್ಗೆ ಉತ್ತರ ಕೊಡುವ ಅವಕಾಶವೇ ಸಿಕ್ಕಿರಲಿಲ್ಲ. "ಹಾಗಾದರೆ ಬಿಟ್ಟುಬಿಡುವುದೇ?" ಎಂದು ಸದಸ್ಯರು ಕೇಳಿದರು. ಪ್ರಶ್ನೆ ಸಿಟ್ಟಿನದಾದರೂ ನ್ಯಾಯವಾದದ್ದೇ.

ನನ್ನ ಟಿಪ್ಪಣಿಯಲ್ಲೂ ಒಂದು ಕಿತಾಪತಿ ಇತ್ತು. ಒಂಬತ್ತು ವರ್ಷದ ಹಿಂದೆ ತಡವಾಗಿ ಬಂದದ್ದಕ್ಕೆ ಆಕೆಗೆ ಕೊಟ್ಟ ಒಂದು ಜ್ಞಾಪನವನ್ನು ಸೇವಾ ವಹಿಯಿಂದ ಹೆಕ್ಕಿ, "ಹಿಂದಿನ ನಡತೆಯೂ ತೃಪ್ತಿಕರವಾಗಿರುವುದಿಲ್ಲ" ಎಂದು ಸೇರಿಸಿದ್ದೆ. ಸಲಹೆಗಾರರು ಅದರ ಮೇಲೆ ಅಡ್ಡಗೆರೆ ಎಳೆದು ಅಂಚಿನಲ್ಲಿ "ಮಂಚೇಗೌಡ" ಎಂದಷ್ಟೇ ಬರೆದರು. ಮೈಸೂರು ರಾಜ್ಯದ್ದೇ ಪ್ರಕರಣ, 1963ರ ತೀರ್ಪು: ದಂಡನೆ ನಿರ್ಧರಿಸಲು ಹಿಂದಿನ ದಾಖಲೆಯನ್ನು ಗಣನೆಗೆ ತೆಗೆದುಕೊಳ್ಳುವುದಾದರೆ ಅದನ್ನು ನೌಕರನಿಗೆ ಮೊದಲೇ ತಿಳಿಸಬೇಕು.

ಕುಲಪತಿಗಳು ಎರಡು ಆದೇಶ ಮಾಡಿದರು. ಮೊದಲನೆಯದು, ನಾಲ್ಕೂ ಆರೋಪ ಕೈಬಿಟ್ಟು, ಅಮಾನತಿನ ಐದು ತಿಂಗಳನ್ನು ಕರ್ತವ್ಯದ ಅವಧಿ ಎಂದು ಪರಿಗಣಿಸುವುದು. ಅಂದರೆ ಮನೆಯಲ್ಲಿ ಕುಳ್ಳಿರಿಸಿದ ದಿನಗಳಿಗೂ ವಿಶ್ವವಿದ್ಯಾಲಯ ಪೂರ್ತಿ ಸಂಬಳ ತೆತ್ತಿತು. ಎರಡನೆಯದು, ಹೊಸ ಆರೋಪ ಪಟ್ಟಿ. ಈ ಸಲ ನಾನು ಹಳೆಯ ಕಡತ ಮುಟ್ಟಲಿಲ್ಲ. ಎರಡೇ ಆರೋಪ. ಒಂದು: ಇಂಥ ದಿನ, 3.40ರ ತಪಾಸಣೆಯ ನಂತರ, ನಗದು ಘೋಷಣೆ ವಹಿಯ ಇಂಥ ಪುಟದ ಇಂಥ ಕ್ರಮ ಸಂಖ್ಯೆಯಲ್ಲಿ 200 ಎಂಬುದನ್ನು 7,400 ಎಂದು ತಿದ್ದಿದ್ದೀರಿ. ಎರಡು: ಅದೇ ದಿನ 11ರಿಂದ 3 ಗಂಟೆಯವರೆಗೆ, ಕಚೇರಿ ವೇಳೆಯಲ್ಲಿ, ಕೌಂಟರಿನಲ್ಲಿ ಕುಳಿತು ಖಾಸಗಿ ಚೀಟಿ ಹಣ ಸಂಗ್ರಹಿಸಿದ್ದೀರಿ. ಕೆಳಗೆ 2021ರ ನಿಯಮ, ಮಹಜರಿನ ಪ್ರತಿ, ವಹಿಯ ಪ್ರತಿ. ಒಂದೂವರೆ ಪುಟ.

ಒಂಬತ್ತನೆಯ ದಿನ ಆಕೆಯ ಉತ್ತರ ಬಂತು, ಕೈಬರಹದಲ್ಲಿ. "ತಿದ್ದಿದ್ದು ನಾನೇ. ಚೀಟಿ ನಡೆಸಿದ್ದೂ ನಿಜ. ಆದರೆ ಬೆಳಗ್ಗೆ ಬರೆದ ಇನ್ನೂರು ಸತ್ಯವಾಗಿತ್ತು ಎಂದು ಯಾರಾದರೂ ಎಲ್ಲಾದರೂ ಬರೆದಿಡಬೇಕೆಂದು ಕೋರುತ್ತೇನೆ."

ತಪ್ಪೊಪ್ಪಿಗೆ ಇದ್ದುದರಿಂದ ಸಾಕ್ಷಿ, ಪಾಟೀ ಸವಾಲು ಬೇಕಾಗಲಿಲ್ಲ. ದಂಡನೆಯ ಪ್ರಮಾಣದ ಮೇಲೆ ಮತ್ತೆ ಎಳೆದಾಟವಾಯಿತು. ಮೇಜು ಕುಟ್ಟಿದ ಸದಸ್ಯರು ವಜಾ ಎಂದೇ ಪಟ್ಟು ಹಿಡಿದರು. ತಪ್ಪಿಗೂ ದಂಡನೆಗೂ ತಾಳಮೇಳವೇ ಇಲ್ಲದೆ ಮನಸ್ಸಾಕ್ಷಿ ಬೆಚ್ಚಿಬೀಳುವಂತಿದ್ದರೆ ನ್ಯಾಯಾಲಯ ಕೈಹಾಕುತ್ತದೆ ಎಂದು 1995ರ ಬಿ.ಸಿ. ಚತುರ್ವೇದಿ ತೀರ್ಪನ್ನು ಸಲಹೆಗಾರರು ಓದಿ ಹೇಳಿದರು. ಹದಿನೆಂಟು ವರ್ಷದ ಸೇವೆ, ತಿದ್ದಿದ್ದರಿಂದ ಒಂದು ಪೈಸೆಯ ಲಾಭವಿಲ್ಲ, ತಪ್ಪೊಪ್ಪಿಗೆ. ಇವೆಲ್ಲವನ್ನೂ ತೂಗಿ ವೇತನ ಶ್ರೇಣಿಯಲ್ಲಿ ಎರಡು ಹಂತ ಕೆಳಕ್ಕೆ ಇಳಿಸಲಾಯಿತು. ಅಂಕಪಟ್ಟಿ ವಿಭಾಗದಿಂದ ಬೇರೆಡೆಗೆ ವರ್ಗವಾಯಿತು. ನನ್ನ ಅಭಿಪ್ರಾಯದಲ್ಲಿ ಅದು ತಕ್ಕ ದಂಡನೆಯೇ. ಅಧೀಕ್ಷಕರಿಗೆ, ನಾಲ್ಕು ತಿಂಗಳು ವಹಿ ನೋಡದವರಿಗೆ, ಒಂದು ಎಚ್ಚರಿಕೆಯ ಪತ್ರವೂ ಹೋಗಲಿಲ್ಲ. ಅದು ತಕ್ಕದ್ದಲ್ಲ. ನನಗೂ ಏನೂ ಆಗಲಿಲ್ಲ.

ಮೊದಲ ವಿಚಾರಣೆ ಹದಿನಾಲ್ಕು ತಿಂಗಳು, 312 ಪುಟ. ಎರಡನೆಯದು 26 ದಿನ, 19 ಪುಟ. ನಿವೃತ್ತಿಗೆ ಮುಂಚೆ ಎರಡೂ ಕಡತಗಳನ್ನು ದಾಖಲೆ ಕೊಠಡಿಗೆ ಕಳಿಸಲು ಕಟ್ಟುವಾಗ ಒಮ್ಮೆ ಪುಟ ತಿರುವಿದೆ. ಮೊದಲ ಕಡತದ ಮೂರನೆಯ ಪುಟದಲ್ಲಿ ಆ ಹುಡುಗನ ಪತ್ರ, ಅದರ ಮೂಲೆಯಲ್ಲಿ ಆವಕ ಸಂಖ್ಯೆ. ನಿಮ್ಮ ದೂರು ತಲುಪಿದೆ, ಹೀಗೆ ಕ್ರಮ ಕೈಗೊಂಡಿದ್ದೇವೆ ಎಂದು ಅವನಿಗೆ ಒಂದು ಸಾಲಾದರೂ ಹೋಗಿದೆಯೇ ಎಂದು ಆ ವರ್ಷದ ರವಾನೆ ವಹಿ ತರಿಸಿ ನೋಡಿದೆ. ಹೋಗಿರಲಿಲ್ಲ.